ಪಿಪಿಟಿ ಬರುತ್ತದೆ, ಬಿಲ್ಲು ಓದಲು ಬರುವುದಿಲ್ಲ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದು ಪುಣೆ ಹತ್ತಿರದ ಭೋಸರಿಯ ಸಣ್ಣ ಮಷಿನ್ ಶಾಪಿಗೆ ಕಳಿಸಿದ ಬಿಲ್ಲು ಅದು. ಹೆಸರು, ಫೋನ್ ನಂಬರುಗಳ ಮೇಲೆ ಕಪ್ಪು ಮಾರ್ಕರ್ ಎಳೆದು, ಉಳಿದದ್ದನ್ನು ಇದ್ದ ಹಾಗೇ ಜೆರಾಕ್ಸ್ ಮಾಡಿಸಿದ್ದರು. ಎರಕದ ಪೀಸು 500, ಒಂದಕ್ಕೆ 412 ರೂಪಾಯಿಯಂತೆ 2,06,000. ಅದರ ಮೇಲೆ ಶೇ. 18ರ ಐಜಿಎಸ್‌ಟಿ 37,080. ಒಟ್ಟು 2,43,080. ಬಿಲ್ಲಿಗೆ ಪಿನ್ ಹೊಡೆದ ಇನ್ನೊಂದು ಚೀಟಿ ಮಾಲು ಇಳಿಸಿಕೊಂಡಾಗಿನ ಜಿಆರ್‌ಎನ್: 488 ಪಾಸ್, 12 ರಿಜೆಕ್ಟ್, ಕಾರಣ ಬ್ಲೋ ಹೋಲ್, ಅಂದರೆ ಎರಕದಲ್ಲಿ ಗಾಳಿ ಸಿಕ್ಕಿ ಆದ ತೂತು. ಪ್ರಶ್ನೆ ಮೂರೇ. ಎಷ್ಟು ಕೊಡಬೇಕು, ಯಾವತ್ತು ಕೊಡಬೇಕು, ಕೊಡುವ ಮುಂಚೆ ಯಾರಿಗೆ ಫೋನ್ ಹಚ್ಚಬೇಕು.

ಪುಣೆಯ ಕನ್ನಡಿಗರು ಸೇರುವ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ, ಎಂಬಿಎ ಎರಡನೇ ವರ್ಷದವರಿಗಾಗಿ ಇಟ್ಟುಕೊಂಡಿದ್ದ ಅಣಕು ಸಂದರ್ಶನ. ಮೇಜಿನ ಈಚೆಗೆ ಮೂವರು: ಪರ್ಚೇಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು, ಒಬ್ಬ ಸಿಎ ಮೇಡಂ, ಮತ್ತು ಆ ಬಿಲ್ಲು ತಂದಿದ್ದ ಭೋಸರಿಯ ಮಷಿನ್ ಶಾಪಿನ ಯಜಮಾನರು. ಆಚೆಗೆ ಒಬ್ಬೊಬ್ಬರಾಗಿ ಬಂದು ಕೂತವರು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯ ಮಕ್ಕಳು. ಕೆಲವರು ಇಲ್ಲೇ ಪಿಂಪ್ರಿಯಲ್ಲಿ ಹುಟ್ಟಿ ಬೆಳೆದವರು. ಮೊದಲ ಒಂದೂವರೆ ನಿಮಿಷ ಎಲ್ಲರದೂ ಒಂದೇ ಪದ್ಯ. ಹೆಸರು, ಊರು, ಬಿಕಾಂ ಅಥವಾ ಬಿಇ, ‘ಐ ಆ್ಯಮ್ ಎ ಕ್ವಿಕ್ ಲರ್ನರ್’, ‘ಮೈ ವೀಕ್‌ನೆಸ್ ಈಸ್ ದಟ್ ಐ ಆ್ಯಮ್ ಎ ಪರ್ಫೆಕ್ಷನಿಸ್ಟ್’. ಮಗ್ಗಿ ಒಪ್ಪಿಸಿದ ಹಾಗೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದೂ ಸೇರಿ ಬಾಯಿಪಾಠ.

ಆಮೇಲೆ ಬಿಲ್ಲು. ಹೆಚ್ಚಿನವರು 2,43,080 ಎಂದರು, ಯಾಕೆಂದರೆ ಕೆಳಗಡೆ ದಪ್ಪ ಅಕ್ಷರದಲ್ಲಿ ಇದ್ದದ್ದು ಅದೇ. ಒಬ್ಬಳು 12 ಪೀಸಿನ 4,944 ರೂಪಾಯಿ ಕಳೆದಳು. ಆ ಪೀಸುಗಳ ಮೇಲಿನ ತೆರಿಗೆಯನ್ನೂ ಕಳೆಯಬೇಕು ಎಂಬುದು ಹೊಳೆಯಲಿಲ್ಲ. ಅದು ಸುಮಾರು 890. ಹಾಗಾಗಿ ಕೊಡಬೇಕಾದದ್ದು 2,37,246. ರಾಜ್ಯದೊಳಗಿನ ಮಾಲಿಗೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಯಾಕಿಲ್ಲ, ಐಜಿಎಸ್‌ಟಿ ಯಾಕೆ ಎಂದರೆ ಮೌನ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ 29, ಅಂದರೆ ಕರ್ನಾಟಕ. ಕೊಂಡವರದು 27, ಮಹಾರಾಷ್ಟ್ರ. ಮಾಲು ರಾಜ್ಯದ ಗಡಿ ದಾಟಿದೆ, ಅಷ್ಟೇ. ಮುಂದಿನ ತಿಂಗಳ 11ರೊಳಗೆ ಫೌಂಡ್ರಿಯವರು ತಮ್ಮ ಮಾರಾಟದ ಲೆಕ್ಕ ಕೊಡುವ ರಿಟರ್ನ್ ಜಿಎಸ್‌ಟಿಆರ್-1 ತುಂಬದಿದ್ದರೆ 14ಕ್ಕೆ ತಯಾರಾಗುವ ಕೊಂಡವರ ಪಟ್ಟಿ 2ಬಿಯಲ್ಲಿ ಈ ಬಿಲ್ಲು ಕಾಣಿಸುವುದಿಲ್ಲ, ಭೋಸರಿಯವರಿಗೆ 37,080ರ ಕ್ರೆಡಿಟ್, ಅಂದರೆ ತಾವು ಕಟ್ಟುವ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳುವ ಅವಕಾಶ, ಆ ತಿಂಗಳು ದಕ್ಕುವುದಿಲ್ಲ. ಹಾಗಾಗಿ ಫೋನ್ ಹಚ್ಚಬೇಕಾದದ್ದು ಫೌಂಡ್ರಿಯ ಅಕೌಂಟೆಂಟ್‌ಗೆ, ಎರಡು ಮಾತಿಗೆ: ರಿಟರ್ನ್ ತುಂಬಿದಿರಾ, 12 ಪೀಸಿನ ದುಡ್ಡು ಬಿಟ್ಟುಕೊಡುವ ಕ್ರೆಡಿಟ್ ನೋಟ್ ಯಾವಾಗ ಕಳಿಸುತ್ತೀರಿ. ‘ಯಾವತ್ತು’ ಎಂಬುದಕ್ಕೆ ಉತ್ತರ ಪರ್ಚೇಸ್ ಆರ್ಡರಿನಲ್ಲಿ ಇರುತ್ತದೆ. ಆದರೆ ಕಳಿಸಿದವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡಿದ್ದರೆ ಏನೇ ಬರೆದುಕೊಂಡರೂ 45 ದಿನ ದಾಟುವ ಹಾಗಿಲ್ಲ. 2023ರ ಬಜೆಟ್ಟು ಆದಾಯ ತೆರಿಗೆ ಕಾಯ್ದೆಗೆ ತಂದ 43ಬಿ(ಎಚ್) ಕಲಮಿನ ನಂತರ, ಗಡುವು ಮೀರಿ ಉಳಿದ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸಲು ಆಗದೆ ತೆರಿಗೆ ಹೆಚ್ಚುತ್ತದೆ.

ಇದರಲ್ಲಿ ಹತ್ತನೆಯ ತರಗತಿಯ ಗಣಿತ ದಾಟಿದ್ದು ಏನೂ ಇಲ್ಲ. ಇದೇ ಮಕ್ಕಳು ಪಠ್ಯಪುಸ್ತಕದ ಪೋರ್ಟರನ ಐದು ಶಕ್ತಿ, ಬಿಸಿಜಿ ಮ್ಯಾಟ್ರಿಕ್ಸು, ಸ್ವಾಟ್ ಎಲ್ಲವನ್ನೂ ಹದಿನೈದು ಸ್ಲೈಡಿನಲ್ಲಿ ಚೆಂದಗೆ ಜೋಡಿಸಬಲ್ಲರು. ‘ಎಂಬಿಎ ಆದವರಿಗೆ ಸ್ಕಿಲ್ ಇಲ್ಲ’ ಎಂದು ಪತ್ರಿಕೆಗಳು ಪ್ರತಿವರ್ಷ ಹಾಡುವ ಹಾಡು ಇಲ್ಲಿಗೆ ಒಗ್ಗುವುದಿಲ್ಲ. ಸ್ಕಿಲ್ ಇದೆ, ಅದು ಸ್ಲೈಡ್ ಜೋಡಿಸುವ ಸ್ಕಿಲ್ಲು.

ಎರಡು ವರ್ಷ ಎಂದು ಯಾರು ಹೇಳಿದರು

ಮೊದಲೇ ಒಂದು ಗೆರೆ ಎಳೆದುಬಿಡೋಣ. ಅಹಮದಾಬಾದು, ಬೆಂಗಳೂರಿನ ಐಐಎಂಗಳು, ಮುಂಬೈಯಲ್ಲಿ 1965ರಿಂದ ಇರುವ ಜಮ್ನಾಲಾಲ್ ಬಜಾಜ್ ಸಂಸ್ಥೆ, ಗೋವಾದ ಸಾಂಖಳಿ ಗುಡ್ಡದ ಮೇಲಿನ ಜಿಐಎಂ (ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್), ಇವುಗಳ ಕಷ್ಟಸುಖ ಬೇರೆ. ಇಲ್ಲಿನ ಮಾತು ಅವುಗಳ ಕೆಳಗೆ ಹರಡಿಕೊಂಡಿರುವ ನಡುವಿನ ಕಾಲೇಜುಗಳದ್ದು. ಕಾತ್ರಜದಿಂದ ತಳೇಗಾಂವವರೆಗೆ ಹೆದ್ದಾರಿಯ ಎರಡೂ ಬದಿ ಬೋರ್ಡು ಕಾಣುತ್ತವಲ್ಲ, ಅವು. ಹುಬ್ಬಳ್ಳಿ, ವಿಜಯಪುರದಿಂದ ರಾತ್ರಿ ಬಸ್ಸು ಹತ್ತಿ ಬರುವ ಬಹುಪಾಲು ಮಕ್ಕಳು ಸೇರುವುದು ಇಂಥ ಕಡೆಯೇ.

ಮಹಾರಾಷ್ಟ್ರದ ಎಂಬಿಎ ಸಿಇಟಿಯಲ್ಲಿ 150 ನಿಮಿಷಕ್ಕೆ 200 ಪ್ರಶ್ನೆ, ಒಂದಕ್ಕೆ 45 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ತಿಳಿಯದಿದ್ದರೂ ಒಂದು ಗುಂಡಿ ಒತ್ತಿ ಮುಂದೆ ಹೋಗು ಎಂಬ ಪಾಠ ಅಲ್ಲಿಂದಲೇ ಶುರು. ಪ್ರವೇಶದ ಸುತ್ತುಗಳೆಲ್ಲ ಮುಗಿದು ಕ್ಲಾಸು ಆರಂಭವಾಗುವ ಹೊತ್ತಿಗೆ ಆಗಸ್ಟೋ ಸೆಪ್ಟೆಂಬರೋ ಆಗಿರುತ್ತದೆ. ಮೊದಲ ಸೆಮಿಸ್ಟರನ್ನು ಓಡಿಸಿ ಮುಗಿಸುತ್ತಾರೆ. ಎರಡನೆಯದು ಮುಗಿದ ಬೆನ್ನಿಗೆ ಸುಮಾರು ಎಂಟು ವಾರದ ಸಮ್ಮರ್ ಪ್ರಾಜೆಕ್ಟು. ಮೂರನೆಯದರಲ್ಲಿ ಪ್ಲೇಸ್‌ಮೆಂಟ್ ಸೆಲ್ಲಿನ ವಾಟ್ಸ್‌ಆ್ಯಪ್ ಗುಂಪು ಗುಂಯ್‌ಗುಡಲು ಆರಂಭಿಸಿದ ಮೇಲೆ ಕ್ಲಾಸಿನಲ್ಲಿ ಕೂತವರ ಮೈ ಇಲ್ಲಿ, ಮನಸ್ಸು ಟೈ ಗಂಟಿನಲ್ಲಿ. ನಾಲ್ಕನೆಯದರಲ್ಲಿ ಆಫರ್ ಸಿಕ್ಕವರು ಕೆಲಸಕ್ಕೆ ಹೋಗಿರುತ್ತಾರೆ, ಸಿಗದವರು ಕೋಣೆಯಲ್ಲಿ ಇರುತ್ತಾರೆ. ರಜೆ, ಹಬ್ಬ, ಪರೀಕ್ಷೆ, ‘ಗೆಸ್ಟ್ ಲೆಕ್ಚರ್’ ಕಳೆದರೆ ಗಟ್ಟಿಯಾಗಿ ಪಾಠ ನಡೆಯುವುದು ಒಂದು ವರ್ಷವೂ ಇಲ್ಲ. ಅಷ್ಟರಲ್ಲೇ ಮಾರ್ಕೆಟಿಂಗು, ಫೈನಾನ್ಸು, ಎಚ್‌ಆರ್, ಆಪರೇಷನ್ಸು, ಜೊತೆಗೆ ಈಗ ಬಿಸಿನೆಸ್ ಅನಲಿಟಿಕ್ಸು. ಎಲ್ಲದರ ಮೇಲೂ ಒಂದೊಂದು ಚಮಚ ನೀರು.

ನಡುವೆ ಆ ಎಂಟು ವಾರ ಇದೆಯಲ್ಲ, ಇಡೀ ಕೋರ್ಸಿನಲ್ಲಿ ಕೈ ಕೆಸರಾಗುವ ಸಾಧ್ಯತೆ ಇರುವುದು ಅಲ್ಲಿ ಮಾತ್ರ. ಅಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. ಪರಿಚಯದವರ ಲೆಟರ್‌ಹೆಡ್ಡಿನ ಮೇಲೆ ಸರ್ಟಿಫಿಕೇಟು. ವಿಷಯ ‘ಗ್ರಾಹಕರ ತೃಪ್ತಿಯ ಅಧ್ಯಯನ’. ಗೂಗಲ್ ಫಾರ್ಮು, ಹತ್ತು ಪ್ರಶ್ನೆ, ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಮೆಟ್ಟಿಲು, ತುಂಬಿದ ನೂರು ಜನರಲ್ಲಿ ಎಂಬತ್ತು ಮಂದಿ ಹಾಸ್ಟೆಲಿನವರು. ವರದಿ ಹಿಂದಿನ ಬ್ಯಾಚಿನದು, ಕಂಪನಿ ಹೆಸರು ಮಾತ್ರ ‘ಫೈಂಡ್ ಆ್ಯಂಡ್ ರಿಪ್ಲೇಸ್’. ಕೆಲವೊಮ್ಮೆ ಒಂದು ಪುಟದಲ್ಲಿ ಹಳೆಯ ಹೆಸರು ಹಾಗೇ ಉಳಿದಿರುತ್ತದೆ. ಸಂದರ್ಶನ ಮಾಡುವವರು ಈ ಪ್ರಾಜೆಕ್ಟಿನ ಮೇಲೆಯೇ ಕೈಯಿಡುತ್ತಾರೆ, ಯಾಕೆಂದರೆ ಸುಳ್ಳು ಬೇಗ ಸಿಕ್ಕಿಬೀಳುವುದು ಅಲ್ಲೇ. ‘ದಿನಾ ಎಷ್ಟು ಗಂಟೆಗೆ ಹೋಗುತ್ತಿದ್ದೆ? ಯಾರ ಪಕ್ಕ ಕೂರುತ್ತಿದ್ದೆ? ಅವರಿಗೆ ಆ ತಿಂಗಳು ಇದ್ದ ದೊಡ್ಡ ತಲೆನೋವು ಏನು?’ ಮೂರನೆಯ ಪ್ರಶ್ನೆಗೆ ಉತ್ತರ ಇದ್ದವರು ನಿಜಕ್ಕೂ ಹೋಗಿದ್ದವರು.

ಸಣ್ಣ ಜಾಗದಲ್ಲಿ ಮಾಡಿದರೂ ಆಗುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಒಂದು ತಿಂಗಳ ಲಾರಿಗಳು ಚಾಕಣದ ಕಾರ್ಖಾನೆ ಗೇಟಿನಲ್ಲಿ ಎಷ್ಟು ಗಂಟೆ ಕಾದವು ಎಂದು ಬರೆದಿಟ್ಟು, ಅದರಲ್ಲಿ ಕಾಗದ ಸರಿಯಿಲ್ಲದೆ ಕಾದದ್ದೆಷ್ಟು, ಇಳಿಸಲು ಜಾಗವಿಲ್ಲದೆ ಕಾದದ್ದೆಷ್ಟು ಎಂದು ಬೇರೆ ಮಾಡಿದರೆ ಸಾಕು. ಒಂದು ಪುಟ. ನೂರು ಪುಟದ ಸ್ಪೈರಲ್ ಬೈಂಡಿಂಗು ತೆರೆಯದವರೂ ಆ ಒಂದು ಪುಟ ಓದುತ್ತಾರೆ.

ಮಣೂಕದ ವರ್ಕಿಂಗ್ ಕ್ಯಾಪಿಟಲ್

ಅವತ್ತು ಹನ್ನೊಂದೂವರೆಗೆ ಬಂದ ಹುಡುಗ ವಿಜಯಪುರದ ತಿಕೋಟಾ ಕಡೆಯವನು. ಫೈನಾನ್ಸ್ ವಿದ್ಯಾರ್ಥಿ. ಸಿಎ ಮೇಡಂ ‘ವರ್ಕಿಂಗ್ ಕ್ಯಾಪಿಟಲ್ ಅಂದರೇನು’ ಎಂದಾಗ ಇಂಗ್ಲಿಷಿನಲ್ಲಿ ತಟ್ಟನೆ ಹೇಳಿದ: ಕರೆಂಟ್ ಅಸೆಟ್ಸ್ ಮೈನಸ್ ಕರೆಂಟ್ ಲಯಬಿಲಿಟೀಸ್. ಹಾಗಂದರೆ ಏನು ಎಂದು ಮತ್ತೆ ಕೇಳಿದರೆ ಅದೇ ವಾಕ್ಯವನ್ನು ನಿಧಾನವಾಗಿ ಹೇಳಿದ. ಮೇಡಂ ಪೆನ್ನು ಕೆಳಗಿಟ್ಟು ಕನ್ನಡಕ್ಕೆ ಬಂದರು.

‘ಮನಿಯಾಗ ಏನ್ ಮಾಡ್ತಾರ ತಮ್ಮಾ?’

‘ದ್ರಾಕ್ಷಿ ಐತ್ರೀ ಮೇಡಂ, ಮೂರ್ ಎಕರೆ. ಮಣೂಕ ಮಾಡ್ತೀವ್ರಿ, ಒಣದ್ರಾಕ್ಷಿ.’

‘ಎಪ್ರಿಲ್‌ದಿಂದ ಹೇಳು. ರೊಕ್ಕ ಯಾವಾಗ ಹೊಕ್ಕೈತಿ, ಯಾವಾಗ ಬರ್ತೈತಿ.’

ಹುಡುಗ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂತ. ಎಪ್ರಿಲಿನಲ್ಲಿ ಮೊದಲ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವುದು, ಅಕ್ಟೋಬರಿನಲ್ಲಿ ಹಣ್ಣಿನ ಚಾಟಣಿ; ಎರಡಕ್ಕೂ ಆಳಿನ ಕೂಲಿ ಆಗಿಂದಾಗಲೇ ನಗದು. ಔಷಧಿ ಅಂಗಡಿಯವನದು ಉದ್ರಿ, ಮಾಲು ಮಾರಿದ ಮೇಲೆ ಕೊಡುವುದು, ಆದರೆ ಉದ್ರಿಗೆ ಬಾಟಲಿಯ ದರವೇ ಬೇರೆ. ಫೆಬ್ರವರಿ-ಮಾರ್ಚಿನಲ್ಲಿ ಕಟಾವು. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟು, 15 ಎಂಎಲ್ ಡಿಪ್ಪಿಂಗ್ ಆಯಿಲ್ ಹಾಕಿ ಗೊನೆ ಅದ್ದಿ ತೆಗೆದು, ನೆರಳಿನ ರ‍್ಯಾಕಿನ ಮೇಲೆ ಎರಡು ವಾರದ ಆಸುಪಾಸು ಒಣಗಿಸುವುದು. ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಮಣೂಕ. ಆ ದಿನಗಳಲ್ಲಿ ಮಳೆ ಬಂದರೆ ಬಣ್ಣ ಕಪ್ಪಾಗಿ ದರ ಬಿದ್ದುಹೋಗುತ್ತದೆ. ಆರಿಸಿ, 15 ಕೆಜಿಯ ಬಾಕ್ಸು ತುಂಬಿ ಕೋಲ್ಡ್ ಸ್ಟೋರೇಜಿಗೆ. ಅವಸರ ಇದ್ದವರು ಎಪ್ರಿಲಿನಲ್ಲೇ ತಾಸಗಾಂವದ ಮಾರುಕಟ್ಟೆಗೆ ಒಯ್ದು ಸಿಕ್ಕ ದರಕ್ಕೆ ಕೊಡುತ್ತಾರೆ; ತಡೆಯಬಲ್ಲವರು ದೀಪಾವಳಿಯ ಬೇಡಿಕೆಗೆ ಕಾಯುತ್ತಾರೆ. ಕಾಯುವವರು ಸ್ಟೋರೇಜಿನ ರಸೀದಿ ಬ್ಯಾಂಕಿನಲ್ಲಿಟ್ಟು ಸಾಲ ಎತ್ತಿ ಮುಂದಿನ ಚಾಟಣಿ ನಡೆಸುತ್ತಾರೆ. ಬಾಡಿಗೆ, ಬಡ್ಡಿ ಎರಡೂ ಓಡುತ್ತಿರುತ್ತವೆ. ದರ ಅದಕ್ಕಿಂತ ಜಾಸ್ತಿ ಏರಿದರೆ ಲಾಭ, ಇಲ್ಲದಿದ್ದರೆ ಕಾದದ್ದೇ ನಷ್ಟ.

‘ಹಂಗಾರ ನಿಮ್ಮಪ್ಪಾರ ರೊಕ್ಕ ಎಷ್ಟು ತಿಂಗಳು ಹೊಲದಾಗ ಸಿಕ್ಕೊಂಡಿರ್ತೈತಿ?’

ಹುಡುಗ ಬೆರಳು ಎಣಿಸಿದ. ‘ಹನ್ನೆರಡರಿಂದ ಹದಿನೆಂಟ್ರೀ. ಉದ್ರಿ ಇದ್ದಷ್ಟು ಭಾರ ಕಡಿಮಿ.’

ಇದಕ್ಕಿಂತ ಚೆನ್ನಾಗಿ ವರ್ಕಿಂಗ್ ಕ್ಯಾಪಿಟಲ್ ಸೈಕಲ್ಲನ್ನು ಯಾವ ಪಠ್ಯವೂ ವಿವರಿಸುವುದಿಲ್ಲ. ದಾಸ್ತಾನು, ಉದ್ರಿ ಕೊಟ್ಟವರು, ಒತ್ತೆ ಸಾಲ, ಬೆಲೆಯ ಅಪಾಯ, ಎಲ್ಲ ಇದೆ. ಆದರೆ ಅವನ ರೆಸ್ಯೂಮೆಯಲ್ಲಿ ದ್ರಾಕ್ಷಿಯ ಒಂದು ಬಳ್ಳಿಯೂ ಇರಲಿಲ್ಲ. ಇದ್ದದ್ದು ‘ರಿಸಲ್ಟ್ ಓರಿಯೆಂಟೆಡ್ ಪ್ರೊಫೆಷನಲ್’, ‘ಹಾಬಿ: ಟ್ರಾವೆಲಿಂಗ್’. ಯಾಕೆ ಬರೆಯಲಿಲ್ಲ ಎಂದರೆ, ‘ಅದು ಎಂಬಿಎದಾಗ ಬರಂಗಿಲ್ಲಲ್ರೀ.’

ಸಂಕಟ ಇಲ್ಲೇ ಇದೆ. ಖಾನಾವಳಿ ನಡೆಸುವವರ ಮಗಳು ಅಡುಗೆ ಖರ್ಚಿನ ಲೆಕ್ಕ ಬಲ್ಲಳು, ಕಿರಾಣಿ ಅಂಗಡಿಯವರ ಮಗ ಯಾವ ಕಂಪನಿಯ ಎಕ್ಸ್‌ಪೈರಿ ಮಾಲು ವಾಪಸ್ ಹೋಗುತ್ತದೆ, ಯಾವುದರದು ಹೋಗುವುದಿಲ್ಲ ಎಂದು ಬಲ್ಲ. ಕಾಲೇಜು ಎರಡು ವರ್ಷ ಕಷ್ಟಪಟ್ಟು ಇದನ್ನೆಲ್ಲ ಉಜ್ಜಿ ಅಳಿಸಿ, ಎಲ್ಲರ ಮೇಲೂ ಒಂದೇ ಬಣ್ಣದ ವಾರ್ನಿಷ್ ಬಳಿದು ಕಳಿಸುತ್ತದೆ. ಈಗ ರೆಸ್ಯೂಮೆಯನ್ನು ಚಾಟ್‌ಜಿಪಿಟಿ ಬರೆಯುವುದರಿಂದ ವಾರ್ನಿಷ್ ಇನ್ನಷ್ಟು ನುಣುಪು. ಅರವತ್ತು ಅರ್ಜಿಗಳಲ್ಲಿ ಅರವತ್ತೂ ಒಂದೇ ಥರ ಇದ್ದಾಗ ಎಚ್‌ಆರ್‌ನವರಿಗೆ ಉಳಿಯುವ ಜರಡಿ ಎಂದರೆ ಹತ್ತನೆಯ ತರಗತಿಯ ಮಾರ್ಕ್ಸು, ಕಾಲೇಜಿನ ಹೆಸರು. ಆ ಜರಡಿಯಲ್ಲಿ ಕೆಳಗೆ ಬೀಳುವವರು ಇದೇ ಮಕ್ಕಳು.

ಭಾಷೆಯದೂ ಇದೇ ಕತೆ. ‘ಲ್ಯಾಂಗ್ವೇಜಸ್ ನೋನ್’ ಎಂಬ ಕೊನೆಯ ಸಾಲಿನಲ್ಲಿ ಕನ್ನಡ, ಮರಾಠಿ, ಹಿಂದಿ ಎಂದು ತುರುಕಿರುತ್ತಾರೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಅಂಗಡಿಕಾರ ಕನ್ನಡದಲ್ಲಿ ಚೌಕಾಶಿ ಮಾಡುತ್ತಾನೆ, ಬಿಲ್ಲು ಮರಾಠಿಯಲ್ಲಿ ಕೇಳುತ್ತಾನೆ. ಕಲಬುರಗಿಯಲ್ಲಿ ದಖ್ಖನಿ ನಡೆಯುತ್ತದೆ. ಸೇಲ್ಸ್ ಮ್ಯಾನೇಜರಿಗೆ ಸಾಂಗಲಿ-ಸೊಲ್ಲಾಪುರ-ವಿಜಯಪುರ ಪಟ್ಟಿಗೆ ಇಂಥವರು ಬೇಕು, ಸಿಗುವುದಿಲ್ಲ. ಆ ಸಾಲು ರೆಸ್ಯೂಮೆಯ ತಲೆಯ ಮೇಲೆ ಇರಬೇಕಿತ್ತು.

ಡಿಸ್ಟ್ರಿಬ್ಯೂಟರನ ಹದಿನಾರು

ನಡುವಿನ ಕಾಲೇಜುಗಳಿಂದ ಸಿಗುವ ಮೊದಲ ಕೆಲಸ, ಹೆಸರು ಏನೇ ಇರಲಿ, ಹೆಚ್ಚಾಗಿ ಮಾರಾಟ. ಬ್ಯಾಂಕಿನ ಖಾತೆ ತೆರೆಸುವುದು, ವಿಮೆ, ವಾಕಡ-ಖರಾಡಿಯ ಫ್ಲ್ಯಾಟು, ಬಿಸ್ಕತ್ತು-ಸೋಪು. ಮಾರಾಟ ಕೀಳು ಎಂದಲ್ಲ. ಕಾಲೇಜು ಅದನ್ನು ‘ಬಿಸಿನೆಸ್ ಡೆವಲಪ್‌ಮೆಂಟ್’ ಎಂದು ಕರೆದು, ಬ್ರ್ಯಾಂಡ್ ಮ್ಯಾನೇಜರ್ ಆಗುವ ಕನಸು ತುಂಬಿ, ಬೀಟ್ ಅಂದರೇನು ಎಂದು ಹೇಳದೆ ಕಳಿಸುತ್ತದೆ. ಬೀಟ್ ಎಂದರೆ ವಾರದ ಒಂದು ದಿನ ಒಂದು ದಾರಿಯಲ್ಲಿ ಮುಗಿಸಬೇಕಾದ ಅಂಗಡಿಗಳ ಸಾಲು, ಸುಮಾರು ನಲವತ್ತು. ಅದರಲ್ಲಿ ಆರ್ಡರ್ ಬಂದದ್ದೆಷ್ಟು, ಒಂದು ಬಿಲ್ಲಿಗೆ ಎಷ್ಟು ಥರದ ಮಾಲು ಕೂತಿತು, ಈ ಎರಡು ಅಂಕಿಯ ಮೇಲೆ ದಿನದ ಮರ್ಯಾದೆ. ಮೇ ತಿಂಗಳ ಬಿಸಿಲಲ್ಲಿ ನಾಲ್ಕು ವಾರ ತಿರುಗಿದ ಮೇಲೆ ‘ಇದು ನನ್ನ ಪ್ರೊಫೈಲ್ ಅಲ್ಲ’ ಎಂದು ಬಿಟ್ಟು ಬಂದವರ ಕುರ್ಚಿ ಮುಂದಿನ ವರ್ಷ ಆ ಕಾಲೇಜಿಗೆ ಸಿಗುವುದಿಲ್ಲ; ಕಂಪನಿ ಬೇರೆ ಕ್ಯಾಂಪಸ್ಸಿಗೆ ಹೋಗುತ್ತದೆ.

ಈ ಕೆಲಸದ ಸಂದರ್ಶನಗಳಲ್ಲಿ ಕೇಳುವ ಹಳೆಯ ಪ್ರಶ್ನೆಯೊಂದಿದೆ: ಡಿಸ್ಟ್ರಿಬ್ಯೂಟರನ ಆರ್‌ಒಐ, ಅಂದರೆ ಹೂಡಿದ ದುಡ್ಡಿಗೆ ವರ್ಷಕ್ಕೆ ಬರುವ ಗಳಿಕೆ, ಹೇಗೆ ತೆಗೆಯುತ್ತೀಯ? ‘ಅವನ ಮಾರ್ಜಿನ್ ಶೇ. 5, ಹಾಗಾಗಿ ಆರ್‌ಒಐ ಶೇ. 5’ ಎಂಬ ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಲೆಕ್ಕ ಹೀಗೆ. ತಿಂಗಳ ವಹಿವಾಟು 20 ಲಕ್ಷ ಇರಲಿ, ಶೇ. 5ರಂತೆ ಅವನಿಗೆ ಒಂದು ಲಕ್ಷ. ಅದರಲ್ಲಿ ಸೇಲ್ಸ್‌ಮನ್, ಡೆಲಿವರಿ ಹುಡುಗರ ಪಗಾರ 42,000, ಗಾಡಿ-ಡೀಸೆಲ್ಲು 20,000, ಗೋಡೌನ್ ಬಾಡಿಗೆ-ಕರೆಂಟು 10,000, ಒಡೆದದ್ದು-ಹರಿದದ್ದು 4,000. ಉಳಿದದ್ದು 24,000, ವರ್ಷಕ್ಕೆ 2.88 ಲಕ್ಷ. ಇನ್ನು ಅವನು ಹೂಡಿದ್ದು: ಹದಿನೈದು ದಿನದ ಸ್ಟಾಕು 10 ಲಕ್ಷ, ಅಂಗಡಿಗಳಿಗೆ ಹತ್ತು ದಿನದ ಉದ್ರಿ 6.67 ಲಕ್ಷ, ಕಂಪನಿಯಲ್ಲಿ ಸಿಕ್ಕಿಕೊಂಡಿರುವ ಕ್ಲೇಮು 1.33 ಲಕ್ಷ. ಒಟ್ಟು 18. ಅಂದರೆ ಶೇ. 16. ಈಗ ತಿಂಗಳ ಕೊನೆಯ ಟಾರ್ಗೆಟ್ಟಿಗೆಂದು ನಮ್ಮ ಹೊಸ ಟ್ರೇನಿ ಅಂಗಡಿಗಳಿಗೆ ಮಾಲು ತುರುಕಿ, ಉದ್ರಿಯನ್ನು ಹತ್ತರಿಂದ ಇಪ್ಪತ್ತು ದಿನಕ್ಕೆ ಎಳೆದ ಎನ್ನಿ. ಹೂಡಿಕೆ 24.67 ಲಕ್ಷಕ್ಕೆ ಏರಿ, ಆರ್‌ಒಐ 12ರ ಕೆಳಗೆ ಜಾರುತ್ತದೆ. ಡಿಸ್ಟ್ರಿಬ್ಯೂಟರ್ ಜಗಳ ಮಾಡುವುದಿಲ್ಲ. ಫೋನ್ ಎತ್ತುವುದನ್ನು ಬಿಡುತ್ತಾನೆ. ಟ್ರೇನಿಗೆ ಅದು ‘ನಾನ್-ಕೋಆಪರೇಟಿವ್ ಚಾನೆಲ್ ಪಾರ್ಟ್‌ನರ್’ ಎಂದು ಕಾಣುತ್ತದೆ.

ತಿಕೋಟಾದ ಹುಡುಗ ಈ ಲೆಕ್ಕವನ್ನು ಐದು ನಿಮಿಷದಲ್ಲಿ ಹಿಡಿದ. ಉದ್ರಿ ಎಂದರೆ ಏನೆಂದು ಅವನಿಗೆ ಮೊದಲೇ ಗೊತ್ತಿತ್ತು.

ಎಕ್ಸೆಲ್ ಬಗ್ಗೆ ಎರಡೇ ಮಾತು. ‘ಅಡ್ವಾನ್ಸ್‌ಡ್ ಎಕ್ಸೆಲ್’ ಎಂದು ಬರೆದವರ ಮುಂದೆ ಒಂದು ಕೊಳಕು ಫೈಲ್ ಇಡುತ್ತಾರೆ. ಪಾರ್ಟ್ ನಂಬರಿನ ಕೊನೆಗೆ ಕಾಣದ ಖಾಲಿ ಜಾಗ, ಒಂದು ಶೀಟಿನಲ್ಲಿ ಅಂಕಿಯಾಗಿಯೂ ಇನ್ನೊಂದರಲ್ಲಿ ಅಕ್ಷರವಾಗಿಯೂ ಕೂತ ಅದೇ ಕೋಡು, ದಿನ-ತಿಂಗಳು ಅದಲುಬದಲಾದ ತಾರೀಖು. ಒಂದು ಶೀಟಿನ ಅಂಕಿಯನ್ನು ಇನ್ನೊಂದಕ್ಕೆ ಹುಡುಕಿ ತರುವ ವಿ-ಲುಕಪ್ ಎರರ್ ಕೊಟ್ಟರೆ ಪುಣ್ಯ, ತಪ್ಪು ಕಾಣುತ್ತದೆ. ಕೊನೆಯ ಆರ್ಗ್ಯುಮೆಂಟನ್ನು ಫಾಲ್ಸ್ ಎಂದು ಕೊಡದೆ ಬಿಟ್ಟರೆ ಅದು ಹತ್ತಿರದ ಯಾವುದೋ ಬೆಲೆಯನ್ನು ಎತ್ತಿ ತಂದು, ಒಂದೂ ಎರರ್ ಇಲ್ಲದೆ, ಇಡೀ ಶೀಟನ್ನು ಸುಳ್ಳು ಮಾಡಿಬಿಡುತ್ತದೆ. ಮೊದಲು ಖಾಲಿ ಜಾಗ ಕತ್ತರಿಸುವ ಟ್ರಿಮ್, ಆಮೇಲೆ ಲುಕಪ್, ಕೊನೆಗೆ ಎರಡೂ ಕಡೆಯ ಮೊತ್ತ ತಾಳೆ ನೋಡುವುದು. ತಾಳೆ ನೋಡುವ ಅಭ್ಯಾಸ ಯಾವ ಕೋರ್ಸಿನಲ್ಲೂ ಇಲ್ಲ, ಬಾಣಾವರದ ಮಂಡಿಯ ಹಳೆಯ ಗುಮಾಸ್ತನಲ್ಲಿ ಇರುತ್ತದೆ.

ಕೈಯಾಗ ಎಷ್ಟು

ಆಫರ್ ಲೆಟರ್ ಬಂದ ದಿನ ಊರಿನಿಂದ ಅಪ್ಪನ ಫೋನು: ‘ಆತಪಾ, ಆರ್ ಲಕ್ಷ ಖರೆ. ಕೈಯಾಗ ಎಷ್ಟ್ ಬರ್ತೈತಿ?’ ಈ ಪ್ರಶ್ನೆ ಅತ್ಯಂತ ವೃತ್ತಿಪರವಾದದ್ದು, ಮಗನಿಗೆ ಉತ್ತರ ಗೊತ್ತಿರುವುದಿಲ್ಲ. ಆರು ಲಕ್ಷದ ಸಿಟಿಸಿಯಲ್ಲಿ (ಕಂಪನಿಗೆ ತಗಲುವ ಒಟ್ಟು ಖರ್ಚು) ವೇರಿಯಬಲ್ ಶೇ. 15 ಎಂದರೆ 90,000, ಅದು ಬಂದಾಗ ಬಂತು. ಉಳಿದದ್ದು 5,10,000. ಬೇಸಿಕ್ 25,000 ಇದ್ದು ಪೂರ್ತಿ ಬೇಸಿಕ್ ಮೇಲೆ ಪಿಎಫ್ ಹಿಡಿಯುವ ಕಂಪನಿಯಾದರೆ ಮಾಲೀಕರ ಪಾಲಿನ ಪಿಎಫ್ ವರ್ಷಕ್ಕೆ 36,000, ಗ್ರಾಚ್ಯುಟಿ ಶೇ. 4.81ರಂತೆ 14,430, ವಿಮೆಯ ಕಂತು ಒಂದು 8,000 ಎಂದುಕೊಳ್ಳಿ. ಇವನ್ನು ಕಳೆದು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 37,600 ಚಿಲ್ಲರೆ. ಅದರಲ್ಲಿ ತನ್ನ ಪಾಲಿನ ಪಿಎಫ್ 3,000, ಮಹಾರಾಷ್ಟ್ರದ ಪ್ರೊಫೆಷನ್ ಟ್ಯಾಕ್ಸ್ 200 (ಫೆಬ್ರವರಿಯಲ್ಲಿ 300). ಕೈಗೆ 34,400. ಆಸ್ತಿ ಅಡವಿಡದೆ ಸಿಗುವ 7.5 ಲಕ್ಷದ ಶಿಕ್ಷಣ ಸಾಲ ತೆಗೆದಿದ್ದರೆ, ಶೇ. 10.5ರ ಬಡ್ಡಿಗೆ ಏಳು ವರ್ಷದ ಕಂತು ತಿಂಗಳಿಗೆ 12,600ರ ಮೇಲೆ. ಓದುವಾಗ ಸೇರಿಕೊಂಡ ಬಡ್ಡಿ ಬೇರೆ. ಹಿಂಜವಡಿಯಲ್ಲಿ ಮೂವರು ಹಂಚಿಕೊಂಡ ಕೋಣೆ, ಮೆಸ್ಸು, ಪೆಟ್ರೋಲು ಕಳೆದ ಮೇಲೆ ಊರಿಗೆ ಕಳಿಸಲು ಏನು ಉಳಿಯುತ್ತದೆ ಎಂಬುದನ್ನು ಅಪ್ಪ ಫೋನಿನಲ್ಲೇ ಲೆಕ್ಕ ಹಾಕಿರುತ್ತಾರೆ.

ಪ್ರವೇಶದ ಮುಂಚೆ ನೋಡಿದ ಜಾಹೀರಾತಿನ ‘ಸರಾಸರಿ ಪ್ಯಾಕೇಜು’ ಸುಳ್ಳಾಗಿರಬೇಕೆಂದೇನೂ ಇಲ್ಲ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 4.5 ಲಕ್ಷ, ಒಬ್ಬನಿಗೆ 24.5 ಲಕ್ಷ ಸಿಕ್ಕರೆ ಸರಾಸರಿ 6.5. ಆ 6.5 ಲಕ್ಷದ ಕೆಲಸ ಆ ಕೋಣೆಯಲ್ಲಿ ಒಬ್ಬರಿಗೂ ಸಿಕ್ಕಿಲ್ಲ. ಕೇಳಬೇಕಾದದ್ದು ನಡುವಿನ ಅಂಕಿ, ಅಂದರೆ ಮೀಡಿಯನ್. ಜೊತೆಗೆ, ಎಷ್ಟು ಜನರ ಸರಾಸರಿ? ‘ಪ್ಲೇಸ್‌ಮೆಂಟಿಗೆ ಅರ್ಹರಾದವರು’ ಎಂಬ ಸಣ್ಣ ಅಕ್ಷರದ ಮಾತಿನಲ್ಲಿ ಹಾಜರಿ ಕಡಿಮೆ ಇದ್ದವರು, ಒಂದು ಆಫರ್ ಬೇಡವೆಂದವರು ಮೊದಲೇ ಉದುರಿಹೋಗಿರುತ್ತಾರೆ.

ಡೆಸಿಗ್ನೇಶನ್

ಭೋಸರಿ, ಚಾಕಣದ ಸಣ್ಣ ಕಾರ್ಖಾನೆಗಳಿಗೆ ಬಿಲ್ಲು ಓದಬಲ್ಲ, ಫೋನು ಹಚ್ಚಿ ಕೆಲಸ ಮುಗಿಸಬಲ್ಲ ಹುಡುಗರು ಬೇಕು. ಆದರೆ ಆ ಕಾರ್ಖಾನೆಯವರು ಕ್ಯಾಂಪಸ್ಸಿಗೆ ಬರುವುದಿಲ್ಲ. ಕಾಲೇಜು ಕನಿಷ್ಠ ಪ್ಯಾಕೇಜು ಕೇಳುತ್ತದೆ, ಕಂಪನಿಯ ವೆಬ್‌ಸೈಟು ಕೇಳುತ್ತದೆ, ಜೆಡಿ (ಕೆಲಸದ ವಿವರದ ಕಾಗದ) ಕೇಳುತ್ತದೆ. ಯಜಮಾನರಿಗೆ ಜೆಡಿ ಬರೆಯಲು ಬರುವುದಿಲ್ಲ. ಅವರಲ್ಲಿ ಕೆಲಸ ಬೆಳಿಗ್ಗೆ ಒಂದಿದ್ದರೆ ಸಂಜೆಗೆ ಇನ್ನೊಂದು. ಕೊನೆಗೆ ಟ್ಯಾಲಿ ಕಲಿತ ಬಿಕಾಂ ಹುಡುಗನನ್ನು ಹದಿನೆಂಟು ಸಾವಿರಕ್ಕೆ ಇಟ್ಟುಕೊಂಡು, ‘ಜನ ಸಿಗೂದಿಲ್ರೀ’ ಎಂದು ಗೊಣಗುತ್ತಾರೆ. ಅವರದೂ ತಪ್ಪಿದೆ. ಒಂದು ವರ್ಷದ ಮೇಲೆ ಆ ಹುಡುಗ ಏನಾಗುತ್ತಾನೆ ಎಂದು ಅವರು ಯಾರಿಗೂ ಹೇಳುವುದಿಲ್ಲ, ತಮಗೇ ಹೇಳಿಕೊಳ್ಳುವುದಿಲ್ಲ.

ಊಟದ ಹೊತ್ತಿಗೆ ಹುಡುಗರೆಲ್ಲ ಹೊರಗೆ ಸಾಲು ನಿಂತಿದ್ದರು. ಭೋಸರಿಯ ಯಜಮಾನರು ತಟ್ಟೆ ಹಿಡಿದುಕೊಂಡೇ ಮಣೂಕದ ಹುಡುಗನ ಹತ್ತಿರ ಹೋದರು.

‘ತಮ್ಮಾ, ಸೋಮವಾರದಿಂದ ಬರ್ತೀಯೇನು? ಪರ್ಚೇಸು, ಪೇಮೆಂಟು ಎರಡೂ ನೋಡ್ಕೋಬೇಕು. ಮೂವತ್ತು ಕೊಡ್ತೀನಿ. ಕಟ್ ಇಲ್ಲ, ಕೈಗೆ ಮೂವತ್ತು.’

ಹುಡುಗ ಮನಸ್ಸಿನಲ್ಲೇ ಏನೋ ಕೂಡಿಸಿ ಕಳೆದಂತೆ ಕಂಡ. ಕಾಲೇಜಿನ ಪಟ್ಟಿಯಲ್ಲಿ ಈ ಕೆಲಸ ಬರುವುದಿಲ್ಲ. ಬ್ಯಾಂಕಿನವರು, ಊರಿನವರು, ಮುಂದಿನ ಕಂಪನಿಯವರು, ನಾಳೆ ಹೆಣ್ಣು ಕೊಡುವವರು ಕೇಳುವುದು ಬಿಲ್ಲಿನ ಲೆಕ್ಕವನ್ನಲ್ಲ.

‘ಸರ್, ಡೆಸಿಗ್ನೇಶನ್ ಏನಿರ್ತೈತ್ರೀ?’

ಯಜಮಾನರು ಸೌಟು ಹಿಡಿದು ನಿಂತಿದ್ದವನಿಗೆ ಸಾರು ಸಾಕೆಂದು ಕೈಸನ್ನೆ ಮಾಡಿದರು. ಇಪ್ಪತ್ತೆರಡು ವರ್ಷದ ಕಾರ್ಖಾನೆಯಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ‘ನೀನೇ ಒಂದು ಬರಕೊಂಡು ಬಾ,’ ಎಂದರು.